ನೆನೆಹಾಕಿದ ವಿಮಾನದ ಅಂಚೆ

ನಮ್ಮ ಮನೆಯಲ್ಲಿ ನೆನೆಹಾಕುವ ಪದಾರ್ಥಗಳು ನಾಲ್ಕು: ಅಕ್ಕಿ, ಉದ್ದಿನಬೇಳೆ, ಕಡಲೆಕಾಳು ಮತ್ತು ಅಂಚೆ ಲಕೋಟೆ. ಮೊದಲಿನ ಮೂರು ನಿಮ್ಮ ಮನೆಯಲ್ಲೂ ಇರುತ್ತವೆ. ನಾಲ್ಕನೆಯದರ ವಿಷಯ ಕೇಳಿದವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನನ್ನ ಹೆಂಡತಿಯ ಮುಖ ನೋಡುತ್ತಾರೆ, ಕೊನೆಗೆ ಕಾಫಿ ಲೋಟದೊಳಕ್ಕೆ ಒಮ್ಮೆ ಇಣುಕಿ ನೋಡಿ ಆಮೇಲೆ ಕುಡಿಯುತ್ತಾರೆ.

ಇದನ್ನು ಬರೆಯುತ್ತಿರುವ ಊಟದ ಮೇಜಿನ ಆ ತುದಿಯಲ್ಲಿ, ಹಳೆಯ ದಿನಪತ್ರಿಕೆಯ ಮೇಲೆ, ಒಂದಿಷ್ಟು ಅಂಚೆಚೀಟಿಗಳು ಬೋರಲಾಗಿ ಮಲಗಿ ಒಣಗುತ್ತಿವೆ. ಸೆಕೆ ಎಷ್ಟಿದ್ದರೂ ಫ್ಯಾನು ಹಾಕುವಂತಿಲ್ಲ. ಹಾಕಿದರೆ ಚೀಟಿಗಳ ಮೇಲೆ ಅಚ್ಚಾದ ವಿಮಾನಗಳು ನಿಜವಾಗಿಯೂ ಹಾರುತ್ತವೆ. ಹಿಂದೊಮ್ಮೆ ಹೀಗೆ ಹಾರಿದ ಒಂದು ವಿಮಾನ ಸೋಫಾದ ಕೆಳಗೆ ಇಳಿದು, ದೀಪಾವಳಿಯ ಕಸ ಗುಡಿಸುವಾಗ ಪತ್ತೆಯಾಯಿತು.

ನಾನು ಎಲ್ಲ ಬಗೆಯ ಚೀಟಿಗಳನ್ನೂ ಕೂಡಿಡುವವನಲ್ಲ. ಹೂವು, ಹಕ್ಕಿ, ಅಣೆಕಟ್ಟು, ಮುಖಂಡರು ಇವನ್ನೆಲ್ಲ ಬೇರೆಯವರಿಗೆ ಬಿಟ್ಟುಕೊಟ್ಟಿದ್ದೇನೆ. ನನಗೆ ಬೇಕಾದದ್ದು ವಿಮಾನದ ನೆನಪಿಗೆಂದು ಹೊರಟ ಚೀಟಿಗಳು, ಮತ್ತು ಅಂಚೆ ಇಲಾಖೆ ತನ್ನ ಚರಿತ್ರೆಯನ್ನು ತಾನೇ ಹೇಳಿಕೊಂಡ ಚೀಟಿಗಳು. ಬ್ರಿಟಿಷ್ ರಾಜನ ಕಾಲದ ಒಂದು ಸರಣಿ ಇದೆ, ನೋಡಬೇಕು ನೀವು. ಒಂದರಲ್ಲಿ ಅಂಚೆಯವನು ಚೀಲ ಹೊತ್ತು ಓಡುತ್ತಿದ್ದಾನೆ. ಮುಂದಿನದರಲ್ಲಿ ಎತ್ತಿನ ಗಾಡಿ. ಆಮೇಲೆ ಟಾಂಗಾ, ಒಂಟೆ, ರೈಲು, ಹಡಗು, ಲಾರಿ, ಕಟ್ಟಕಡೆಗೆ ವಿಮಾನ. ಎಲ್ಲವನ್ನೂ ಆಲ್ಬಮ್ಮಿನ ಒಂದೇ ಪುಟದಲ್ಲಿ ಸಾಲಾಗಿ ಕೂರಿಸಿದ್ದೇನೆ. ಬೇಸರವಾದಾಗ ಆ ಪುಟ ತೆಗೆದು ನೋಡುತ್ತೇನೆ. ಓಡುವವನು ಎಲ್ಲರಿಗಿಂತ ಮುಂದೆ ಇದ್ದಾನೆ. ಇಷ್ಟು ವರ್ಷವಾದರೂ ವಿಮಾನಕ್ಕೆ ಅವನನ್ನು ಹಿಡಿಯಲಾಗಿಲ್ಲ.

ಜಗತ್ತಿನಲ್ಲೇ ಮೊದಲ ಸಲ ಅಂಚೆಯ ಚೀಲವನ್ನು ವಿಮಾನದಲ್ಲಿ ಕೂರಿಸಿ ಕಳಿಸಿದ್ದು ನಮ್ಮ ದೇಶದಲ್ಲೇ, ಅಲಹಾಬಾದಿನಿಂದ ಯಮುನೆಯ ಆಚೆ ದಡದ ನೈನಿಗೆ ಎಂದು ಹೇಳಿದರೆ ನಮ್ಮ ಅಪಾರ್ಟ್‌ಮೆಂಟಿನವರು ನಂಬುವುದಿಲ್ಲ. ನೈನಿ ಎಷ್ಟು ದೂರ ಎಂದು ಕೇಳುತ್ತಾರೆ. ಅಲ್ಲೇ ನನಗೆ ಸೋಲು. ಎತ್ತಿನ ಗಾಡಿಯಲ್ಲಿ ಹೋಗಿ ಊಟ ಮುಗಿಸಿ ಸಂಜೆಯೊಳಗೆ ಹಿಂತಿರುಗಬಹುದಾದ ದೂರ. "ಅಷ್ಟಕ್ಕೆ ವಿಮಾನ ಯಾಕೆ ಸಾರ್, ಡೆಲಿವರಿ ಹುಡುಗ್ರು ಹತ್ತು ನಿಮಿಷಕ್ಕೆ ಹೋಗ್ತಾರೆ" ಎಂದು ಲಿಫ್ಟಿನಲ್ಲಿ ಒಬ್ಬರು ಅಂದರು. ನಾನು ಮೂರನೆಯ ಮಹಡಿಯಲ್ಲೇ ಇಳಿದುಬಿಟ್ಟೆ. ನಮ್ಮ ಮನೆ ಇರುವುದು ಐದನೆಯದರಲ್ಲಿ.

ವಿಮಾನದ ಹುಚ್ಚು ಹತ್ತಿದ್ದಕ್ಕೆ ಹುಟ್ಟಿದ ಜಾಗವೇ ಕಾರಣ. ಅಪ್ಪ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್. ನಾವಿದ್ದದ್ದು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಆಗ ಊರಿನ ವಿಮಾನ ನಿಲ್ದಾಣವೂ ಅಲ್ಲೇ ಪಕ್ಕದಲ್ಲಿತ್ತಾದ್ದರಿಂದ, ನಮ್ಮ ಓಣಿಯವರೆಲ್ಲರಿಗೂ ಒಂದು ಅಭ್ಯಾಸ ಬೆಳೆದಿತ್ತು. ಮಾತಿನ ನಡುವೆ ವಿಮಾನ ಬಂದರೆ ಅರ್ಧ ಪದದಲ್ಲೇ ನಿಲ್ಲಿಸಿ, ಅದು ದಾಟಿದ ಮೇಲೆ ಉಳಿದರ್ಧದಿಂದ ಮುಂದುವರಿಸುವುದು. ನಲ್ಲಿಯ ಹತ್ತಿರ ಜಗಳ ಆಡುತ್ತಿದ್ದ ಹೆಂಗಸರು ಕೂಡ ವಿಮಾನ ಬಂದ ಕೂಡಲೇ ಬಾಯಿ ಮುಚ್ಚಿ, ಸೊಂಟದ ಮೇಲೆ ಕೈಯಿಟ್ಟುಕೊಂಡು, ಇಬ್ಬರೂ ಒಟ್ಟಿಗೆ ಆಕಾಶ ನೋಡುತ್ತಿದ್ದರು. ದೊಡ್ಡ ವಿಮಾನವಾದರೆ ಅದು ಹೋಗುವಷ್ಟರಲ್ಲಿ ಜಗಳ ಎಲ್ಲಿಗೆ ಬಂದಿತ್ತು ಎಂಬುದೇ ಮರೆತುಹೋಗಿ, ಬಿಂದಿಗೆ ಎತ್ತಿಕೊಂಡು ಮನೆಗೆ ಹೋಗುತ್ತಿದ್ದರು. ನಿಲ್ದಾಣ ದೇವನಹಳ್ಳಿಗೆ ಹೋದ ಮೇಲೆ ಈ ಕಡೆಯ ಜಗಳಗಳು ಉದ್ದವಾಗಿವೆ ಎಂಬುದು ನನ್ನ ಸ್ವಂತ ಅನುಭವ.

ಅಪ್ಪನ ಅಕ್ಕ, ನನ್ನ ಸೋದರತ್ತೆ, ನಮ್ಮ ಜೊತೆಗೇ ಇದ್ದರು. ಮಾಲೂರಿನ ಕಡೆಯ ಹೆಂಗಸು. ಓದು ಬರಹ ಇರಲಿಲ್ಲ, ಆದರೆ ನನ್ನ ಬಾಯಲ್ಲಿರುವ ಕನ್ನಡವೆಲ್ಲ ಅವರದೇ. ವಿಮಾನಕ್ಕೆ ಅವರು ಇಟ್ಟ ಹೆಸರು ಗಾಳಿಬಂಡಿ. ಅದು ತಲೆಯ ಮೇಲೆ ಬಂದಾಗಲೆಲ್ಲ ಸಾರಿನ ಪಾತ್ರೆಗೆ ತಟ್ಟೆ ಮುಚ್ಚುತ್ತಿದ್ದರು. "ಮೇಲಿಂದ ಏನು ಉದುರತ್ತೋ, ಯಾರು ಕಂಡೋರು. ಕಬ್ಬಿಣದ ಮೊಳೆ ಸಾರಿಗೆ ಬಿದ್ರೆ ನಿಮ್ಮಪ್ಪಂಗೆ ಗೊತ್ತಾಗತ್ತಾ? ಕಾರ್ಖಾನೇಲಿ ದಿನಾ ನೋಡೋದೇ, ಹುಣಸೇಬೀಜ ಅಂದ್ಕೊಂಡು ನುಂಗ್ತಾನೆ."

ಅಪ್ಪ ಒಮ್ಮೊಮ್ಮೆ ಕಾರ್ಖಾನೆಗೆ ಬಂದ ಹೊರದೇಶದ ಲಕೋಟೆಗಳನ್ನು ತರುತ್ತಿದ್ದರು. ನಾನು ಅವುಗಳ ಚೀಟಿಯನ್ನು ಉಗುರು ಹಾಕಿ ಕಿತ್ತು, ಅರ್ಧ ವಿಮಾನ ನನ್ನ ಕೈಯಲ್ಲಿ, ಅರ್ಧ ಲಕೋಟೆಯ ಮೇಲೆ ಉಳಿದು, ಗೋಳೋ ಎಂದು ಅಳುತ್ತಿದ್ದೆ. ಅದನ್ನು ನೋಡಿದ ಅತ್ತೆ ಒಂದು ದಿನ ಲಕೋಟೆಯನ್ನು ನನ್ನ ಕೈಯಿಂದ ಕಿತ್ತುಕೊಂಡರು.

"ಅಯ್ಯೋ ಪೆದ್ದಪ್ಪಾ, ಉದ್ದಿನ ಸಿಪ್ಪೆ ಉಗುರಲ್ಲಿ ಕೆರೆದು ತೆಗೀತಾರೇನೋ? ನೀರಿಗೆ ಹಾಕಿ ಆ ಕಡೆ ಹೋಗು. ತಾನಾಗೇ ಬಿಡತ್ತೆ."

ಬಿಟ್ಟಿತು. ಸಿಪ್ಪೆ ಬಿಟ್ಟ ಬೇಳೆಯ ಹಾಗೆ ನೀರಿನ ಮೇಲೆ ತೇಲಿ ಬಂದ ಆ ವಿಮಾನವನ್ನು ಅತ್ತೆ ಎರಡೇ ಬೆರಳಲ್ಲಿ ಎತ್ತಿ ಕೊಟ್ಟರು. ಅಂದಿನಿಂದ ಲಕೋಟೆಗಳು ಅಡುಗೆಮನೆಯ ಸುಪರ್ದಿಗೆ ಹೋದವು. ಮುಂದೆ ನನಗೆ ವಿಮಾ ಕಚೇರಿಯಲ್ಲಿ ಕೆಲಸ ಸಿಕ್ಕಿ, ಮದುವೆಯಾಗಿ, ರತ್ನ ಮನೆಗೆ ಬಂದಾಗ, ಅತ್ತೆ ಅವಳಿಗೆ ಸಾಸಿವೆ ಡಬ್ಬ ಎಲ್ಲಿ, ಹುಣಸೆಹಣ್ಣು ಎಲ್ಲಿ ಎಂದು ತೋರಿಸಿದ ಮೇಲೆ ಕೊನೆಯಲ್ಲಿ ಒಂದು ಮಾತು ಹೇಳಿದರಂತೆ: "ಈ ಮನೇಲಿ ಕವರು ಕಂಡ್ರೆ ನೆನೆಹಾಕು. ಅವನ್ನ ಕೇಳ್ತಾ ಕೂರಬೇಡ, ಅವನು ಎರಡು ದಿನ ಯೋಚ್ನೆ ಮಾಡ್ತಾನೆ."

ರತ್ನಳಿಗೆ ಚೀಟಿಗಳಲ್ಲಿ ಎಳ್ಳಷ್ಟೂ ಆಸಕ್ತಿ ಇಲ್ಲ. ಯಾವ ದೇಶ, ಯಾವ ವರ್ಷ, ಯಾವ ವಿಮಾನ, ಒಂದೂ ಬೇಡ. ಆದರೆ ನೆನೆಹಾಕುವುದರಲ್ಲಿ ಅವಳನ್ನು ಮೀರಿಸುವವರು ಈ ಊರಿನಲ್ಲಿಲ್ಲ. ನೀರು ಕೂಸಿಗೆ ಎರೆಯುವಷ್ಟು ಬೆಚ್ಚಗಿರಬೇಕು. ಬಣ್ಣದ ಲಕೋಟೆಗಳನ್ನು ಬೇರೆ ಬೋಗುಣಿಯಲ್ಲಿ ಹಾಕಬೇಕು, ಹೊಸ ಸೀರೆಯನ್ನು ಒಗೆಯುವಾಗ ಹಾಕುವ ಹಾಗೆ. ಚೀಟಿಯನ್ನು ಎಳೆಯಬಾರದು, ಲಕೋಟೆಯನ್ನೇ ಕೆಳಗಿನಿಂದ ಜಾರಿಸಬೇಕು. ಒಣಗಿದ ಮೇಲೆ ಪುಸ್ತಕದ ನಡುವೆ ಇಟ್ಟು ಪುಸ್ತಕವನ್ನು ಅಕ್ಕಿ ಡಬ್ಬದ ಕೆಳಗೆ. ಇಷ್ಟು ವರ್ಷದಲ್ಲಿ ಅವಳ ಕೈಯಲ್ಲಿ ಒಂದು ಚೀಟಿಯ ಅಂಚಿನ ಒಂದು ಹಲ್ಲು ಮುರಿದದ್ದಿಲ್ಲ. ನೆಂಟರ ಮದುವೆಯ ಕರೆಯೋಲೆ ಅಂಚೆಯಲ್ಲಿ ಬಂದರೆ, ಅದರೊಳಗಿನ ಪತ್ರಿಕೆ ಪಕ್ಕಕ್ಕೆ ಬಿದ್ದಿರುತ್ತದೆ, ಲಕೋಟೆ ನೀರಲ್ಲಿರುತ್ತದೆ. ಒಮ್ಮೆ ಹೀಗೆ ಕಲ್ಯಾಣ ಮಂಟಪದ ವಿಳಾಸ ಲಕೋಟೆಯ ಮೇಲೇ ಇದ್ದದ್ದು ಗೊತ್ತಾಗದೆ, ಹೊರಮಾವಿನ ಎರಡು ಮಂಟಪಗಳನ್ನು ಸುತ್ತಿ, ಮೂರನೆಯದರಲ್ಲಿ ಊಟ ಮಾಡಿ ಬಂದೆವು. ಅದು ನಮ್ಮ ನೆಂಟರದೇ ಎಂದು ಈಗಲೂ ನಂಬಿದ್ದೇವೆ.

ಗೌಸ್ ಸಾಹೇಬರ ಪರಿಚಯವಾದದ್ದು ರತ್ನಳ ರವಿಕೆಯ ಲೇಸಿನಿಂದ. ಶಿವಾಜಿನಗರದಲ್ಲಿ, ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ಅವರದು ಲೇಸು, ಜರಿ, ಗುಂಡಿಗಳ ಅಂಗಡಿ. ರತ್ನ ಒಂದು ಬಿಳಿ ಲೇಸಿಗೂ ಇನ್ನೊಂದು ಬಿಳಿ ಲೇಸಿಗೂ ಇರುವ ವ್ಯತ್ಯಾಸ ನೋಡುತ್ತಿದ್ದಾಗ, ಕೌಂಟರಿನ ಗಾಜಿನ ಕೆಳಗೆ ಇದ್ದ ಒಂದು ಹಳೆಯ ಲಕೋಟೆ ನನ್ನ ಕಣ್ಣಿಗೆ ಬಿತ್ತು. ಮೇಲೊಂದು ಚೀಟಿ, ಅರ್ಧ ಚೀಟಿಯ ಮೇಲೂ ಅರ್ಧ ಲಕೋಟೆಯ ಮೇಲೂ ಬಿದ್ದ ಕರಿಯ ಅಂಚೆ ಮುದ್ರೆ, ಪಕ್ಕದಲ್ಲಿ ನೇರಳೆ ಬಣ್ಣದ ರಬ್ಬರ್ ಮೊಹರಿನಲ್ಲಿ ರೆಕ್ಕೆ ಚಾಚಿದ ಒಂದು ವಿಮಾನ.

"ಸಾಹೇಬ್ರೇ, ಆ ಸ್ಟಾಂಪು ಬಿಡಿಸಿ ಕೊಡ್ತೀರಾ? ಎಷ್ಟಾದ್ರೂ ಕೊಡ್ತೀನಿ" ಅಂದೆ.

ಸಾಹೇಬರು ಅಳೆಯುತ್ತಿದ್ದ ಲೇಸನ್ನು ಕೆಳಗಿಟ್ಟರು. "ಸಾಬ್, ನೀವು ಸೀರೆ ಅಂಗಡಿಗೆ ಹೋಗಿ, ಸೀರೆ ಬೇಡ, ಜರಿ ಮಾತ್ರ ಕತ್ತರಿಸಿ ಕೊಡಿ ಅಂತೀರಾ?"

"ಅಲ್ಲ, ನಾನು ಸ್ಟಾಂಪ್ ಕಲೆಕ್ಟ್ ಮಾಡ್ತೀನಿ..."

"ಗೊತ್ತಾಯ್ತು, ಗೊತ್ತಾಯ್ತು. ಟಿಕೆಟ್ ಇಟ್ಕೊಂಡು ಪ್ಯಾಸೆಂಜರ್‌ನ ಕಸದ ಬುಟ್ಟಿಗೆ ಹಾಕೋ ಪಾರ್ಟಿ ನೀವು. ಕೂತ್ಕೊಳಿ, ಚಹಾ ಹೇಳ್ತೀನಿ."

ನಮ್ಮ ಈ ಲೋಕದಲ್ಲಿ ಎರಡು ಪಂಗಡ. ನನ್ನಂಥವರು ಚೀಟಿ ಬಿಡಿಸಿ ಆಲ್ಬಮ್ಮಿಗೆ ಹಾಕುವವರು. ಸಾಹೇಬರಂಥವರು ಇಡೀ ಲಕೋಟೆಯನ್ನು, ಅದರ ಮೇಲಿನ ಮುದ್ರೆ, ಮೊಹರು, ವಿಳಾಸ, ಕೊಳೆ, ಎಣ್ಣೆ ಕಲೆ ಸಮೇತ ಕಾಪಾಡುವವರು. ಅವರ ಪ್ರಕಾರ ಲಕೋಟೆಯಿಂದ ಬಿಡಿಸಿದ ಚೀಟಿ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಹೇಳಲಾರದ ಮೂಕ. ಗಾಜಿನ ಕೆಳಗಿದ್ದ ಆ ಲಕೋಟೆಯ ಕಥೆ ಆ ದಿನವೇ ಕೇಳಿದೆ. ಬೆಂಗಳೂರಿಂದ ಹೈದರಾಬಾದಿಗೆ ವಿಮಾನದಲ್ಲಿ ಅಂಚೆ ಹೊರಟ ಮೊದಲ ದಿನ, ಸಾಹೇಬರ ಅಜ್ಜ, ಅವರು ದಾದಾ ಅನ್ನುತ್ತಾರೆ, ಅಲ್ಲಿನ ಜರಿ ವ್ಯಾಪಾರಿಗೆ ಬರೆದದ್ದು. ಒಳಗಿನ ಕಾಗದ ಎಂದೋ ಹೋಗಿತ್ತು. ಲಕೋಟೆಯನ್ನು ಆ ವ್ಯಾಪಾರಿಯ ಮೊಮ್ಮಗ ಯಾವುದೋ ಮದುವೆಯಲ್ಲಿ ಸಾಹೇಬರ ಕೈಗಿತ್ತಿದ್ದ. ಸಾಹೇಬರ ಮನೆಯಲ್ಲಿ ದಾದಾರ ಫೋಟೋ ಒಂದೂ ಇಲ್ಲ. ಅವರ ಕೈ ಮುಟ್ಟಿದ ವಸ್ತು ಎಂದು ಉಳಿದಿರುವುದು ಇದೊಂದೇ.

ಅಂದಿನಿಂದ ಭಾನುವಾರ ಬೆಳಿಗ್ಗೆ ಸಾಹೇಬರು ಇಂದಿರಾನಗರದ ನಮ್ಮ ಮನೆಗೆ ಬರುವುದು ವಾಡಿಕೆಯಾಯಿತು. ಶಿವಾಜಿನಗರದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿ, ಕೈಯಲ್ಲಿ ಬೇಕರಿಯ ಖಾರ ಬಿಸ್ಕತ್ತಿನ ಪೊಟ್ಟಣ ಹಿಡಿದು ಬರುತ್ತಾರೆ. ರತ್ನಳ ಅಕ್ಕಿ ರೊಟ್ಟಿ ತಿನ್ನುತ್ತಾರೆ. ಬೋಗುಣಿಯಲ್ಲಿ ಏನಾದರೂ ನೆನೆಯುತ್ತಿದ್ದರೆ ಆ ಕಡೆ ಬೆನ್ನು ಮಾಡಿ ಕೂರುತ್ತಾರೆ.

"ಭಾಭಿ, ಇದು ಕೊಲೆ."

"ನಿಮಗೇನು ಗೊತ್ತು ಸಾಹೇಬ್ರೇ, ಇದು ಸ್ನಾನ" ಎಂದು ರತ್ನ ಇನ್ನೊಂದು ರೊಟ್ಟಿ ಹಾಕುತ್ತಾಳೆ. ಅವಳಿಗೆ ಒಡಹುಟ್ಟಿದ ಅಣ್ಣ ಇಲ್ಲ. ಸಾಹೇಬರು ಬರುವ ದಿನ ಅವಳು ಕಾಯಿತುರಿ ಜಾಸ್ತಿ ಹಾಕುವುದನ್ನು ನಾನು ನೋಡಿದ್ದೇನೆ, ಹೇಳಲು ಹೋಗಿಲ್ಲ.

ಮೊನ್ನೆ ಮೊನ್ನೆ ನಮ್ಮ ಕಡೆಯ ಸಂಗ್ರಾಹಕರೆಲ್ಲ ಸೇರಿ ಹಲಸೂರಿನ ಕಲ್ಯಾಣ ಮಂಟಪವೊಂದರಲ್ಲಿ ಪ್ರದರ್ಶನ ಇಡುವುದೆಂದು ಆಯಿತು. ಸಾಹೇಬರು ಎಂದೂ ತಮ್ಮ ಲಕೋಟೆಗಳನ್ನು ಅಂಗಡಿಯ ಗಾಜಿನಿಂದ ಹೊರಗೆ ತಂದವರಲ್ಲ. ಈ ಸಲ ನನ್ನ ಪೀಡೆ ತಾಳಲಾರದೆ ಒಪ್ಪಿದರು. ಅವರ ವಿಮಾನದ ಅಂಚೆಯದೇ ಒಂದು ಫ್ರೇಮು. ನಟ್ಟ ನಡುವೆ ದಾದಾರ ಹೈದರಾಬಾದಿನ ಲಕೋಟೆ. ಪ್ರತಿಯೊಂದರ ಕೆಳಗೂ ಇಂಥದ್ದು ಎಂದು ವಿವರ ಬರೆಯಬೇಕಾದ್ದರಿಂದ, ಅದನ್ನು ನನ್ನ ಕಂಪ್ಯೂಟರಿನಲ್ಲಿ ಮಾಡುವುದೆಂದು, ಆ ಭಾನುವಾರ ಎಲ್ಲ ಲಕೋಟೆಗಳನ್ನೂ ನಮ್ಮ ಮನೆಯಲ್ಲೇ ಬಿಟ್ಟುಹೋದರು. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ, "ಅಮಾನತ್ ಇದು ಮೂರ್ತಿ ಸಾಬ್" ಅಂದರು. ನಂಬಿ ಒಪ್ಪಿಸಿದ ಒಡವೆ ಎಂದರ್ಥ. "ನಿಶ್ಚಿಂತೆಯಾಗಿರಿ ಸಾಹೇಬ್ರೇ" ಎಂದು ನಾನು ಕೈ ಮುಗಿದೆ.

ಮರುದಿನ ಬೆಳಿಗ್ಗೆ ಹೈದರಾಬಾದಿನದನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು ಮೊಹರಿನ ಅಕ್ಷರ ಓದಲು ಕೂತೆ. ಅಷ್ಟರಲ್ಲಿ ಲಕೋಟೆಗಳನ್ನು ಹಾಳೆಗೆ ಸಿಕ್ಕಿಸುವ ಮೂಲೆ ಪಟ್ಟಿಗಳು ಮುಗಿದಿರುವುದು ಗೊತ್ತಾಗಿ, ಇಗೋ ಬಂದೆ ಎಂದು ಅಂಗಡಿಗೆ ಹೊರಟೆ. ಲಕೋಟೆ ಮೇಜಿನ ಮೇಲೇ ಇತ್ತು. ಪಕ್ಕದ ಮನೆಯವರು ಕೊಟ್ಟಿದ್ದ ಒಂದಷ್ಟು ಮಾಮೂಲಿ ಲಕೋಟೆಗಳೂ ಅದೇ ಮೇಜಿನ ಮೇಲಿದ್ದವು.

ಮೂರು ಅಂಗಡಿ ಸುತ್ತಿ ಮಧ್ಯಾಹ್ನದ ಹೊತ್ತಿಗೆ ನಾನು ಬಂದಾಗ ರತ್ನ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಾಗಿಲು ತೆಗೆದಳು. ಮುಖದಲ್ಲಿ ಗೆಲುವು.

"ಇವತ್ತು ಒಂದು ಹಳೇದು ಬಂದಿತ್ತು ನೋಡ್ರೀ. ಏನ್ ಗೋಂದು ಅಂತೀರಿ! ಈಗಿನ ಕಾಲದ್ದಲ್ಲ. ನಾಲ್ಕು ಸಲ ನೀರು ಬದಲಾಯಿಸ್ದೆ. ಬಣ್ಣ ಬಿಡೋ ಜಾತಿ ಬೇರೆ, ಅದಕ್ಕೇ ಅದೊಂದನ್ನ ಸಣ್ಣ ಬೋಗುಣೀಲಿ ಹಾಕಿದ್ದೆ. ಒಂದು ಹಲ್ಲು ಮುರಿದಿಲ್ಲ, ಬನ್ನಿ ನೋಡಿ."

ನೋಡಿದೆ. ಸಣ್ಣ ಬೋಗುಣಿಯ ನೀರು ನೇರಳೆಹಣ್ಣಿನ ಶರಬತ್ತಿನಂತಿತ್ತು. ದಿನಪತ್ರಿಕೆಯ ಮೇಲೆ ಚೀಟಿ ಬೋರಲಾಗಿ ಮಲಗಿತ್ತು. ಲಕೋಟೆ ಒದ್ದೆ ಹಪ್ಪಳದಂತೆ ಪಕ್ಕದಲ್ಲಿ ಬಿದ್ದಿತ್ತು. ರೆಕ್ಕೆ ಚಾಚಿದ್ದ ವಿಮಾನವಿದ್ದ ಕಡೆ ಒಂದು ನೇರಳೆ ಮೋಡ.

ನಾನು ಕುರ್ಚಿಯ ಮೇಲೆ ಕೂತೆ. ನನ್ನ ಮುಖ ನೋಡಿ ರತ್ನ ಲಕೋಟೆಯನ್ನು ನೋಡಿದಳು. ಬಾಗಿ ವಿಳಾಸ ಓದಿದಳು. ಹೈದರಾಬಾದ್ ಎಂಬುದು ಮಾತ್ರ ಉಳಿದಿತ್ತು.

"ಸಾಹೇಬ್ರದ್ದಾ?" ಅಂದಳು. ಅಂಗಡಿಗೆ ಹೋಗಿ ಹೇಳುವುದು ನಾನೇ ಎಂದೆ. "ನೆನೆಹಾಕಿದ್ದು ಯಾರು? ನಾನು ಬರ್ತೀನಿ. ಆಟೋ ಹಿಡೀರಿ" ಅಂದಳು.

ಅಂಗಡಿಯಲ್ಲಿ ಗಿರಾಕಿಗಳಿದ್ದರು. ರತ್ನ ಅವರ ನಡುವೆಯೇ ನುಗ್ಗಿ, ದಿನಪತ್ರಿಕೆಯಲ್ಲಿ ಸುತ್ತಿದ್ದ ಲಕೋಟೆಯನ್ನು ಕೌಂಟರಿನ ಮೇಲಿಟ್ಟು, "ಸಾಹೇಬ್ರೇ, ನಿಮ್ಮ ದಾದಾ ಕವರು ನಾನು ನೆನೆಹಾಕ್ಬಿಟ್ಟೆ" ಎಂದಳು. ಒಂದೇ ಉಸಿರಿಗೆ.

ಸಾಹೇಬರು ಪತ್ರಿಕೆ ಬಿಚ್ಚಿ ನೋಡಿದರು. ಮತ್ತೆ ಮಡಿಸಿದರು. ಲೇಸು ಅಳೆಯುವ ಕೋಲನ್ನು ಎತ್ತಿಕೊಂಡು ಗಿರಾಕಿಯ ಕಡೆ ತಿರುಗಿ, "ಎರಡೂವರೆ ಮೀಟರ್ ಅಂದ್ರಾ?" ಎಂದು ಕೇಳಿದರು. ಅಳೆದು ಕತ್ತರಿಸಿ ಕೊಟ್ಟ ಮೇಲೆ, "ಬಾಕಿ ಕವರುಗಳನ್ನೂ ಕಳಿಸ್ಬಿಡಿ ಮೂರ್ತಿ ಸಾಬ್. ವಿವರ ನಾನೇ ಕೈಯಲ್ಲಿ ಬರೀತೀನಿ" ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಚಹಾ ತರಿಸಲಿಲ್ಲ. ಆ ಅಂಗಡಿಯ ಮೆಟ್ಟಿಲು ಹತ್ತಿದ ಯಾರಿಗೂ ಚಹಾ ಇಲ್ಲದೆ ಇಳಿದ ನೆನಪಿಲ್ಲ. ನಾವಿಬ್ಬರೂ ಇಳಿದೆವು.

ಮುಂದಿನ ಭಾನುವಾರ ರತ್ನ ಹಿಟ್ಟು ಕಲಸಿಟ್ಟು ಬಾಗಿಲ ಕಡೆ ನೋಡುತ್ತ ಕೂತಳು. ಸಾಹೇಬರು ಬರಲಿಲ್ಲ. ಫೋನು ಮಾಡಲೇ ಎಂದೆ. "ಮಾಡಿ ಏನಂತೀರಿ? ರೊಟ್ಟಿ ಆರತ್ತೆ ಬನ್ನಿ ಅಂತೀರಾ?" ಎಂದಳು. ಮಧ್ಯಾಹ್ನದವರೆಗೂ ರೊಟ್ಟಿ ತಿಂದೆ. ಆ ವಾರ ಅವಳ ತಮ್ಮ ಕಳಿಸಿದ ಒಂದು ಲಕೋಟೆ ಬಂತು. ಅದರ ಮೇಲೆ ಒಳ್ಳೆಯ ಚೀಟಿಗಳಿದ್ದವು. ಅವಳು ಅದನ್ನು ಮುಟ್ಟದೆ, ಹಾವು ದಾಟುವ ಹಾಗೆ ದಾಟಿಕೊಂಡು ಓಡಾಡಿದಳು. ಬೋಗುಣಿಗಳನ್ನು ಅಟ್ಟದ ಮೇಲೆ ಹಾಕಿದಳು. ಅಣ್ಣನಂಥ ಮನುಷ್ಯ ತನ್ನ ಕೈಯಿಂದ ದೂರವಾದ ಎಂಬುದು ಅವಳ ಮನಸ್ಸಿನಲ್ಲಿ ನಿಂತುಬಿಟ್ಟಿತ್ತು. ನಾನು ಏನು ಹೇಳಿದರೂ, "ನೀವು ಸುಮ್ನಿರಿ" ಎನ್ನುವಳು.

ಪ್ರದರ್ಶನದ ದಿನ ಅವಳು ಬರುವುದಿಲ್ಲ ಅಂದಳು. ಆಮೇಲೆ ಸೀರೆ ಬದಲಾಯಿಸಿದಳು.

ಕಲ್ಯಾಣ ಮಂಟಪದಲ್ಲಿ ಹಿಂದಿನ ದಿನದ ಮದುವೆಯ ಹೂವಿನ್ನೂ ಬಾಡಿರಲಿಲ್ಲ. ವೇದಿಕೆಯ ಮೇಲೆ ಗಂಡು ಹೆಣ್ಣು ಕೂರುವ ಕೆಂಪು ಸಿಂಹಾಸನಗಳಲ್ಲಿ ತೀರ್ಪುಗಾರರ ಬ್ಯಾಗು, ನೀರಿನ ಬಾಟಲಿಗಳು ಕೂತಿದ್ದವು. ಸಾಹೇಬರ ಫ್ರೇಮು ಮೂಲೆಯಲ್ಲಿತ್ತು. ಸಾಹೇಬರು ಇಸ್ತ್ರಿ ಮಾಡಿದ ಬಿಳಿ ಜುಬ್ಬಾ ತೊಟ್ಟು ಅದರ ಪಕ್ಕ ನಿಂತಿದ್ದರು. ನಮ್ಮನ್ನು ನೋಡಿ ತಲೆಯಾಡಿಸಿದರು, ಅಷ್ಟೆ. ನಾವು ಸ್ವಲ್ಪ ದೂರದಲ್ಲೇ ನಿಂತೆವು. ಫ್ರೇಮಿನ ನಟ್ಟ ನಡುವೆ ಅದೇ ಇತ್ತು. ಸುಕ್ಕುಗಟ್ಟಿದ ಲಕೋಟೆ, ನೇರಳೆ ಮೋಡ. ಅದರ ಪಕ್ಕದಲ್ಲಿ, ಬೇರೆಯಾಗಿ, ಚೀಟಿ.

ತೀರ್ಪುಗಾರರು ಮೈಸೂರಿನ ಕಡೆಯ ಒಬ್ಬ ಹಿರಿಯರು. ಕೊರಳಿಗೆ ಭೂತಗನ್ನಡಿ ನೇತುಹಾಕಿಕೊಂಡಿದ್ದರು. ಬೇರೆ ಫ್ರೇಮುಗಳ ಮುಂದೆ ಹೂಂ ಹೂಂ ಎನ್ನುತ್ತ ಬಂದವರು ಸಾಹೇಬರ ಫ್ರೇಮಿನ ಮುಂದೆ ಗಕ್ಕನೆ ನಿಂತರು.

"ಏನ್ರೀ ಇದು! ಕ್ರ್ಯಾಶ್ ಕವರು?"

ನಿಮಗೆ ಹೇಳಬೇಕು. ಹಿಂದೆ ಅಂಚೆಯ ವಿಮಾನಗಳು ಒಮ್ಮೊಮ್ಮೆ ಹೊಳೆಗೋ ಸಮುದ್ರಕ್ಕೋ ಬೀಳುತ್ತಿದ್ದವು. ಚೀಲಗಳನ್ನು ನೀರಿನಿಂದ ಎತ್ತಿ, ಒಣಗಿಸಿ, ಹೀಗೆ ಅಪಘಾತವಾಯಿತು ಎಂದು ಒಂದು ಮೊಹರು ಹೊಡೆದು, ಸಿಕ್ಕಷ್ಟು ಕಾಗದಗಳನ್ನು ವಿಳಾಸದಾರರಿಗೆ ತಲುಪಿಸುತ್ತಿದ್ದರು. ಚೀಟಿ ಕಳಚಿ ಹೋಗಿ, ಶಾಯಿ ಹರಡಿದ ಅಂಥ ಲಕೋಟೆಗಳಿಗೆ ನಮ್ಮ ಲೋಕದಲ್ಲಿ ಇನ್ನಿಲ್ಲದ ಮರ್ಯಾದೆ. ಒಂದು ಸಿಕ್ಕರೆ ಪದಕ ಗಟ್ಟಿ.

ತೀರ್ಪುಗಾರರು ಭೂತಗನ್ನಡಿ ಹಿಡಿದು ಬಾಗಿದರು. "ನೋಡಿ ನೋಡಿ, ಸ್ಟಾಂಪು ಹರಿದಿಲ್ಲ, ತಾನಾಗೇ ಬಿಟ್ಟಿದೆ. ಇಂಕು ಹಬ್ಬಿರೋ ರೀತಿ ನೋಡಿದ್ರೇ ಗೊತ್ತಾಗತ್ತೆ, ನೀರಲ್ಲಿ ಬಹಳ ಹೊತ್ತು ಇತ್ತು. ಅಪಘಾತದ ಮೊಹರು ಕಾಣಲ್ವಲ್ಲ... ಅದೂ ತೊಳೆದುಹೋಗಿರ್ಬೇಕು. ಈ ಮಾರ್ಗದಲ್ಲಿ ವಿಮಾನ ಬಿದ್ದದ್ದು ನಾನು ಕೇಳೇ ಇರ್ಲಿಲ್ಲ ಸಾಹೇಬ್ರೇ! ಯಾವ ನದಿ? ಕೃಷ್ಣೆನೋ, ತುಂಗಭದ್ರೆನೋ?"

ರತ್ನ ನನ್ನ ತೋಳು ಚಿವುಟಿದಳು. "ತುಂಗಭದ್ರೆ ಅಂದ್ಬಿಡಕ್ಕೆ ಹೇಳ್ರೀ" ಎಂದು ಪಿಸುಗುಟ್ಟಿದಳು. ಸುಳ್ಳು ಹೇಳಿದರೆ ಊಟ ಸೇರದ ಹೆಂಗಸು. ಅಂದು ಅವಳ ಮುಖ ನೋಡಿದರೆ ಇಡೀ ತುಂಗಭದ್ರೆಯನ್ನು ತಾನೇ ಹೊತ್ತು ತರಲು ಸಿದ್ಧಳಿದ್ದಳು. ಸಾಹೇಬರಿಗೆ ಪದಕ ಬಂದುಬಿಟ್ಟರೆ ತಾನು ಹಾಳು ಮಾಡಿದ್ದು ಹಾಳಾದಂತಲ್ಲ, ಅಷ್ಟೇ ಅವಳ ಲೆಕ್ಕ.

ಸಾಹೇಬರು ತಿರುಗಿ ಅವಳ ಕಡೆ ನೋಡಿದರು. ಆಮೇಲೆ ಗಂಟಲು ಸರಿ ಮಾಡಿಕೊಂಡರು.

"ಕಾವೇರಿ ಸಾರ್."

"ಕಾವೇರಿನಾ? ಬೆಂಗಳೂರು ಹೈದರಾಬಾದ್ ದಾರೀಲಿ ಕಾವೇರಿ ಎಲ್ಲಿ ಬಂತು?"

"ನಲ್ಲೀಲಿ ಬಂತು ಸಾರ್. ಇಂದಿರಾನಗರದಲ್ಲಿ. ಅಪಘಾತ ಆದದ್ದು ಬೋಗುಣೀಲಿ. ಕೆಳಗೆ ಬರೆದಿದ್ದೀನಿ, ಓದಿ."

ತೀರ್ಪುಗಾರರು ಓದಿದರು. ಆಮೇಲೆ ನಾವಿಬ್ಬರೂ ಹತ್ತಿರ ಹೋಗಿ ಓದಿದೆವು. ಸಾಹೇಬರ ಗುಂಡು ಗುಂಡು ಕನ್ನಡ ಅಕ್ಷರದಲ್ಲಿ ಹೀಗಿತ್ತು: "ಮೊದಲ ವಿಮಾನದ ಅಂಚೆಯಲ್ಲಿ ಬೆಂಗಳೂರು ಬಿಟ್ಟು ಹೈದರಾಬಾದಿಗೆ ಕ್ಷೇಮವಾಗಿ ತಲುಪಿದೆ. ಸ್ಟಾಂಪನ್ನು ಬಿಡಿಸಿದ್ದು ಈ ತಿಂಗಳು, ಇಂದಿರಾನಗರದಲ್ಲಿ, ಮನೆಯವರ ಕೈಯಿಂದ. ಕೆಲಸ ಬಹಳ ಶುದ್ಧ. ಒಂದು ಹಲ್ಲೂ ಮುರಿದಿಲ್ಲ."

ರತ್ನ ಅದನ್ನು ಎರಡು ಸಲ ಓದಿದಳು. ಮನೆಯವರ ಎಂಬ ಪದದ ಹತ್ತಿರ ಗಾಜಿನ ಮೇಲೆ ಬೆರಳಿಟ್ಟಳು. ತೀರ್ಪುಗಾರರು ಭೂತಗನ್ನಡಿಯನ್ನು ಜೇಬಿಗಿಳಿಸಿ ನಗಲು ಶುರು ಮಾಡಿದರು. ನಗುತ್ತಲೇ ಅಂಕ ಕಳೆದರು. ಪದಕ, ನಾಣ್ಯದಷ್ಟೇ ಅಗಲದ ಪುಟ್ಟ ಪುಟ್ಟ ಹಡಗಿನ ಚೀಟಿಗಳನ್ನು ಕೂಡಿಟ್ಟ ದೊಡ್ಡನೆಕ್ಕುಂದಿಯವರೊಬ್ಬರಿಗೆ ಹೋಯಿತು. ಸಾಹೇಬರಿಗೆ ಭಾಗವಹಿಸಿದ್ದಕ್ಕೊಂದು ಪ್ರಶಸ್ತಿಪತ್ರ ಸಿಕ್ಕಿತು.

ಕೆಳಗಿನ ಊಟದ ಹಾಲಿನಲ್ಲಿ ಕಾಫಿ ಕೊಡುತ್ತಿದ್ದರು. ಸಾಹೇಬರೇ ಮೂರು ಲೋಟ ಹಿಡಿದುಕೊಂಡು ಬಂದರು.

"ಕೋಪ ಬಂದಿತ್ತು ಭಾಭಿ. ಸುಳ್ಳು ಯಾಕೆ ಹೇಳ್ಲಿ. ಭಾನುವಾರ ಹೊರಟೆ, ಬಸ್‌ಸ್ಟ್ಯಾಂಡ್ ತನಕ ಬಂದೆ. ಬಸ್ಸಲ್ಲಿ ಕೂತೂ ಆಗಿತ್ತು. ನಿಮ್ಮ ಮನೆಗೆ ಬಂದು ಬಾಯಿಂದ ಏನಾದ್ರೂ ಬಂದ್ಬಿಟ್ರೆ ಅಂತ ಇಳಿದು ವಾಪಸ್ ಹೋದೆ."

"ಬಂದು ಬೈದಿದ್ರೆ ಆಗ್ತಿತ್ತು. ಬೈಸ್ಕೊಳಕ್ಕೇ ಕೂತಿದ್ದೆ" ಎಂದಳು ರತ್ನ. ಅವಳ ಕಣ್ಣು ತುಂಬಿತ್ತು.

"ಅರೆ, ಕೇಳಿ ಇಲ್ಲಿ. ಮನೇಲಿ ಅದನ್ನ ದಿನಾ ತೆಗೆದು ನೋಡ್ತಿದ್ದೆ, ಕೋಪ ಮಾಡ್ಕೊಳೋಕೆ. ಹಾಗೆ ನೋಡ್ತಾ ನೋಡ್ತಾ, ಸ್ಟಾಂಪ್ ಇತ್ತಲ್ಲ, ಅದರ ಕೆಳಗಿನ ಜಾಗ ಕಾಣಿಸ್ತು. ಮಿಕ್ಕಿದ್ದೆಲ್ಲ ಹಳದಿ ಆಗಿದೆ. ಆ ಇಷ್ಟಗಲ ಜಾಗ ಮಾತ್ರ ಬೆಳ್ಳಗಿದೆ, ನೆನ್ನೆ ಅಂಗಡಿಯಿಂದ ತಂದ ಹಾಗೆ. ದಾದಾ ಸ್ಟಾಂಪ್ ಅಂಟಿಸಿ ಒತ್ತಿದ ಮೇಲೆ ಆ ಜಾಗಾನ ಯಾರೂ ನೋಡಿಲ್ಲ ಭಾಭಿ. ನಮ್ಮಪ್ಪ ನೋಡಿಲ್ಲ. ದಾದಾ ಆದ್ಮೇಲೆ ನಾನೇ." ಕಾಫಿ ಕುಡಿದು ಲೋಟ ಕೆಳಗಿಟ್ಟರು. "ಮೊಹರು ಹೋಯ್ತು ಅನ್ನೋ ಹೊಟ್ಟೆ ಉರಿ ಇನ್ನೂ ಇದೆ. ಅದು ಇರ್ಲಿ, ಅದು ನನ್ನ ಹತ್ರಾನೇ ಇರತ್ತೆ. ನಾಳೆ ಭಾನುವಾರ ಅಲ್ವಾ?"

ಬಂದರು. ಒಂದು ಕೈಯಲ್ಲಿ ಖಾರ ಬಿಸ್ಕತ್ತು, ಇನ್ನೊಂದರಲ್ಲಿ ದೊಡ್ಡದೊಂದು ಬಟ್ಟೆಯ ಚೀಲ. ಚೀಲವನ್ನು ಮೇಜಿನ ಮೇಲೆ ಬರಿದು ಮಾಡಿದರು. ಅಂಗಡಿಗೆ ಎಷ್ಟೋ ವರ್ಷಗಳಿಂದ ಬಂದ, ಎಲ್ಲೂ ಹಾರದ, ಯಾವ ವಿಶೇಷವೂ ಇಲ್ಲದ ಮಾಮೂಲಿ ಲಕೋಟೆಗಳ ರಾಶಿ.

"ನೆನೆಹಾಕಿ ಭಾಭಿ."

ಲಕೋಟೆಯ ಪಂಗಡದ ಗೌಸ್ ಸಾಹೇಬರ ಬಾಯಲ್ಲಿ ಈ ಮಾತು ಕೇಳಿ ನಾನು ಕುರ್ಚಿ ಹಿಡಿದುಕೊಂಡೆ. ರತ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಇಲ್ಲ ಸಾಹೇಬ್ರೇ. ನಾನು ಆ ಕೆಲಸ ಬಿಟ್ಟೆ."

"ನಾನೇ ಹೇಳ್ತಿದ್ದೀನಲ್ಲ ಭಾಭಿ, ನನ್ನ ಬಾಯಿಂದ."

ಅವಳು ರಾಶಿಯನ್ನು ನೋಡಿದಳು. ಸಾಹೇಬರನ್ನು ನೋಡಿದಳು. ನನ್ನ ಜೇಬಿನಿಂದ ಪೆನ್ನು ಕಿತ್ತುಕೊಂಡು ಅವರ ಮುಂದೆ ಇಟ್ಟಳು.

"ಬಾಯಿ ಮಾತೆಲ್ಲ ಆಗಲ್ಲ. ಒಂದೊಂದರ ಹಿಂದೇನೂ, ಇದನ್ನ ನೆನೆಹಾಕಬಹುದು ಅಂತ ಬರೆದು, ಕೆಳಗೆ ಸೈನ್ ಮಾಡಿ."

"ಎಲ್ಲದರ ಮೇಲೂ? ಭಾಭಿ, ನೂರಾರಿದೆ!"

"ಮತ್ತೆ ಊಟಕ್ಕೆ ಇಲ್ಲೇ ಇರ್ತೀರಲ್ಲ" ಎಂದು ರತ್ನ ಅವರ ಪಕ್ಕಕ್ಕೇ ಕುರ್ಚಿ ಎಳೆದುಕೊಂಡಳು. ಸಾಹೇಬರು ನನ್ನ ಮುಖ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ. ಅವರು ಕನ್ನಡಕ ಏರಿಸಿಕೊಂಡು ಮೊದಲನೆಯ ಲಕೋಟೆಯನ್ನು ಮಗುಚಿ ಬರೆಯತೊಡಗಿದರು. ಪ್ರತಿಯೊಂದು ಸಹಿಯನ್ನೂ ರತ್ನ ಬಾಗಿ ಪರೀಕ್ಷಿಸಿ, ಸರಿ ಎಂದ ಮೇಲೆ ಪಕ್ಕಕ್ಕಿಡುತ್ತಿದ್ದಳು. ಒಂದು ಸಣ್ಣ ಕಂತೆಯಾದ ಮೇಲೆ ಎದ್ದು, ಬೋಗುಣಿ ಇಳಿಸಿಕೊಡಿ ಎಂದು ನನಗೆ ಅಟ್ಟ ತೋರಿಸಿ, ನೀರು ಬೆಚ್ಚಗೆ ಮಾಡಲು ಒಳಗೆ ಹೋದಳು.